ಅಕ್ಕನ ಗೋಡೆಯ ಉಬ್ಬು

ಫೆಬ್ರವರಿ 3, ಸೋಮವಾರ

ಹೊಸ ಸಂಗೀತ ಸಭಾಂಗಣ. ಮುಂಭಾಗಕ್ಕೆ ಬೆಳಗಿನ ಬಿಸಿಲೇ ಆಗಬೇಕು, ಮಧ್ಯಾಹ್ನವಾದರೆ ಬಿಳಿ ಕಂಬಗಳು ಕಣ್ಣಿಗೆ ಹೊಡೆಯುತ್ತವೆ. ಒಳಗೆ, ಬಾಲ್ಕನಿಯ ಎಡ ಮೂಲೆಯಿಂದ ಇಡೀ ವೇದಿಕೆ ಸಿಗುತ್ತದೆ. ಕುರ್ಚಿಗಳಿಗೆ ಆ ಕೆಂಪು ಬಟ್ಟೆ ಹಾಕಿಸಿದ ಪುಣ್ಯಾತ್ಮ ಯಾರೋ, ಅವನ ಮನೆಯ ಗೋಡೆಗೆಲ್ಲ ಅದನ್ನೇ ಹೊದಿಸಬೇಕು.

ಮೂವತ್ತು ವರ್ಷದಿಂದ ಕಟ್ಟಡಗಳ ಫೋಟೊ ತೆಗೆಯುತ್ತಿದ್ದೇನೆ, ಇವತ್ತಿನಂಥ ಕಿರಿಕಿರಿ ಕಂಡಿಲ್ಲ. ಮುಂಭಾಗದ ಮೂರನೆಯ ಕಂಬ ಸೊಂಟ ಓರೆ ಮಾಡಿಕೊಂಡು ನಿಂತ ಹಾಗೆ ಕಾಣಿಸಿತು. ಸ್ಟ್ಯಾಂಡಿನ ಮಟ್ಟ ನೋಡಿದೆ, ಸರಿ ಇತ್ತು. ಮತ್ತೆ ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟರೆ ನಾಲ್ಕನೆಯ ಕಂಬಕ್ಕೂ ಅದೇ ವಯ್ಯಾರ. ಕಿಂಡಿಯಿಂದ ಕಣ್ಣು ತೆಗೆದು ಸುಮ್ಮನೆ ನೋಡಿದರೆ ಎಲ್ಲವೂ ಸಿಪಾಯಿಗಳ ಹಾಗೆ ನೆಟ್ಟಗೆ. ಲೆನ್ಸಿಗೆ ಎಲ್ಲೋ ಪೆಟ್ಟು ಬಿದ್ದಿದೆ. ಇವರೇ ಕಾರಿನಿಂದ ಚೀಲ ಇಳಿಸುವಾಗ ಕುಕ್ಕಿರಬೇಕು. ಕೇಳಿದರೆ ಇಲ್ಲ ಎಂದರು. ಹೌದು ಎಂದು ಒಪ್ಪಿಕೊಂಡ ಗಂಡನನ್ನು ನಾನಂತೂ ಈವರೆಗೆ ನೋಡಿಲ್ಲ.

ಸಂಪಾದಕರಿಗೆ ಚಿತ್ರಗಳೆಲ್ಲ ಮಾರ್ಚ್ ಮುಗಿಯುವುದರೊಳಗೆ ಬೇಕಂತೆ. ಪುಸ್ತಕದಲ್ಲಿ ಹೊಸ ಕಟ್ಟಡಗಳು ಅರ್ಧ, ಪಾಳುಬಿದ್ದಿದ್ದನ್ನು ರಿಪೇರಿ ಮಾಡಿ ಎಬ್ಬಿಸಿದವು ಅರ್ಧ. ಕೊನೆಯ ಅಧ್ಯಾಯ ಆರ್ಕಿಟೆಕ್ಟ್ ಆಗಿರುವ ನಮ್ಮ ಅಕ್ಕನ ಗ್ರಂಥಾಲಯ. ಬೆಂಕಿ ಬಿದ್ದು ಸೂರು ಕಳೆದುಕೊಂಡಿದ್ದ ಆ ಕಟ್ಟಡಕ್ಕೆ ಅಕ್ಕ ಆರು ವರ್ಷ ಸುರಿದಿದ್ದಾಳೆ. ಇದೇ ತನ್ನ ಕೊನೆಯ ದೊಡ್ಡ ಕೆಲಸ ಎಂದು ಅವಳೇ ಹೇಳಿಕೊಂಡು ತಿರುಗುತ್ತಿದ್ದಾಳೆ. ಮುಂದಿನ ತಿಂಗಳ ಮಧ್ಯದಲ್ಲಿ ಬಾಗಿಲು ತೆರೆಯುತ್ತದೆ. ಅಷ್ಟರೊಳಗೆ ಲೆನ್ಸ್ ಸರಿಯಾಗಬೇಕು, ಅಕ್ಕನ ಕಟ್ಟಡವನ್ನು ಎರವಲು ಲೆನ್ಸಿನಲ್ಲಿ ತೆಗೆಯುವವಳಲ್ಲ ನಾನು.

ಫೆಬ್ರವರಿ 5, ಬುಧವಾರ

ಲೆನ್ಸ್ ರಿಪೇರಿಯ ಮುದುಕ ಅದನ್ನು ಎರಡು ದಿನ ಇಟ್ಟುಕೊಂಡು, ಏನೂ ಆಗಿಲ್ಲ, ನಿಮಗಿಂತ ನನಗಿಂತ ಗಟ್ಟಿಯಾಗಿದೆ ಎಂದು ವಾಪಸು ಕೊಟ್ಟ. ಅವನ ಎದುರಿಗೇ ಕ್ಯಾಮೆರಾಗೆ ಹಾಕಿ ಅಂಗಡಿಯ ಬಾಗಿಲಿನ ಚೌಕಟ್ಟು ನೋಡಿದೆ. ನಡುವಿನಲ್ಲಿ ಬಳುಕುತ್ತಿದೆ. ನೀನೇ ನೋಡಪ್ಪ ಎಂದೆ. ಅವನು ಕಣ್ಣಿಟ್ಟು, ನೆಟ್ಟಗಿದೆಯಲ್ಲಮ್ಮ ಎಂದ.

ಪಾಪ, ವಯಸ್ಸಾಯಿತು. ಕಣ್ಣು ಹೋಗಿರಬೇಕು. ಹೇಳುವುದಾದರೂ ಹೇಗೆ, ಅದನ್ನೇ ನಂಬಿಕೊಂಡು ಅಂಗಡಿ ನಡೆಸುತ್ತಿದ್ದಾನೆ.

ಫೆಬ್ರವರಿ 10, ಸೋಮವಾರ

ಹಳೆಯ ಈಜುಕೊಳ. ನೂರು ವರ್ಷದ್ದು. ಗಾಜಿನ ಸೂರು ಹೊಸದು, ಮೋಡದ ದಿನವೂ ಬೆಳಕು ಹಾಲಿನಂತೆ ಇಳಿಯುತ್ತದೆ. ಯಾವ ಹೊತ್ತಿಗೆ ಹೋದರೂ ನಡೆಯುತ್ತದೆ.

ತಳದಲ್ಲಿ ಸಣ್ಣ ಚೌಕದ ಬಿಳಿ ಟೈಲ್ಸ್. ಕಿಂಡಿಯಲ್ಲಿ ನೋಡಿದರೆ ಚೌಕಗಳೆಲ್ಲ ನಡುವಿಗೆ ಬಂದು ಕೈ ಕೈ ಹಿಡಿದು ಎಳೆದಾಡುತ್ತಿವೆ. ನೀರಿನಲ್ಲಿ ಹಾಗೆ ಕಾಣುವುದು ಸಹಜ ಎಂದುಕೊಂಡು ತೃಪ್ತಿಯಿಂದ ಹತ್ತು ಚಿತ್ರ ತೆಗೆದೆ. ಹೊರಗೆ ಬಂದ ಮೇಲೆ ನೆನಪಾಯಿತು, ಕೊಳಕ್ಕೆ ಇನ್ನೂ ನೀರೇ ತುಂಬಿಸಿಲ್ಲ. ನನಗೇ ನಗು ಬಂತು. ಆಮೇಲೆ ದಾರಿಯುದ್ದಕ್ಕೂ ಬರಲಿಲ್ಲ.

ಫೆಬ್ರವರಿ 12, ಬುಧವಾರ

ಇವತ್ತು ಬೆಳಗ್ಗೆಯಿಂದ ಕಂಪ್ಯೂಟರಿನ ಮುಂದೆ. ಸಭಾಂಗಣದ ಕಂಬಗಳನ್ನು ತಿದ್ದುವ ಕೆಲಸ. ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ಗೆರೆ ಹಿಡಿದು ನೋಡುವುದು ನನ್ನ ಹಳೆಯ ಅಭ್ಯಾಸ, ಬಡಗಿಗಳು ಹಲಗೆ ನೋಡುವ ಹಾಗೆ. ಮೂರನೆಯ ಕಂಬದ ಸೊಂಟ ಎಳೆದು ಸರಿಮಾಡಿದೆ. ಅದರ ಮೇಲಕ್ಕೆ ನೋಡಿದರೆ ಭುಜದ ಹತ್ತಿರ ಉಬ್ಬು. ಅದನ್ನು ತಿದ್ದಿದೆ. ಕೆಳಗೆ ನೋಡಿದರೆ ಮೊಣಕಾಲಿನ ಹತ್ತಿರ. ನಾನು ನೋಡಿದಲ್ಲೆಲ್ಲ ಉಬ್ಬು ಮುಂಚೆಯೇ ಹೋಗಿ ಕಾಯುತ್ತಾ ಕುಳಿತಿರುತ್ತದೆ. ಒಂದು ಕಂಬಕ್ಕೆ ಅರ್ಧ ದಿನ ಹಿಡಿಯಿತು. ತಲೆ ಚಿಟ್ಟು ಹಿಡಿದುಹೋಯಿತು.

ಇವರು ಶಾಲೆಯಿಂದ ಬಂದು ಹಿಂದೆ ನಿಂತರು. ಮಕ್ಕಳಿಗೆ ಗಣಿತ ಹೇಳಿ ಹೇಳಿ ಎಲ್ಲದರಲ್ಲೂ ತಪ್ಪು ಹುಡುಕುವ ಚಾಳಿ. ಮೊದಲು ಚೆನ್ನಾಗಿತ್ತಲ್ಲ, ಈಗ ಯಾಕೆ ಕಂಬಾನ ಹಾವಿನ ಹಾಗೆ ಆಡಿಸ್ತಿದ್ದೀಯ ಎಂದರು. ಕನ್ನಡಕ ಹಾಕಿಕೊಂಡು ನೋಡಿ ಎಂದೆ. ಹಾಕಿಕೊಂಡೇ ನೋಡ್ತಿದ್ದೀನಿ ಎಂದರು.

"ಒಂದ್ಸಲ ಕಣ್ಣು ತೋರಿಸ್ಕೊಂಡು ಬಾರೇ."

"ನನ್ನ ಕಣ್ಣಿಗೇನಾಗಿದೆ? ಲೆನ್ಸ್ ಸರಿ ಇಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎನ್ನುತ್ತಾ ಅಡುಗೆಮನೆಗೆ ಹೋದರು. ರಾತ್ರಿ ಊಟಕ್ಕೆ ನಾನು ಮಾತಾಡಲಿಲ್ಲ. ಅದು ಅವರಿಗೆ ಗೊತ್ತಾದ ಹಾಗೆ ಕಾಣಲಿಲ್ಲ.

ಫೆಬ್ರವರಿ 13, ಗುರುವಾರ

ಇನ್ನೂ ಕಂಬಗಳೇ. ಸಾಕಾಗಿದೆ.

ಫೆಬ್ರವರಿ 15, ಶನಿವಾರ

ಸಭಾಂಗಣ, ಈಜುಕೊಳ ಎರಡರ ಚಿತ್ರಗಳನ್ನೂ ಸಂಪಾದಕರಿಗೆ ಕಳಿಸಿದೆ. ಇಷ್ಟು ಶ್ರಮ ಯಾವ ಚಿತ್ರಕ್ಕೂ ಹಾಕಿರಲಿಲ್ಲ.

ಈ ನಡುವೆ ಪೇಪರಿನವರು ಕಡಿಮೆ ಶಾಯಿ ಹಾಕುತ್ತಾರೋ ಏನೋ. ಸಾಲಿನ ನಡುವೆ ಒಂದೊಂದು ಅಕ್ಷರ ಮಾಸಿರುತ್ತದೆ. ಗುಂಡಿ ಹಾಕಲು ಹೋಗಿ ಸೂಜಿಗೆ ದಾರ ಪೋಣಿಸಲಾಗದೆ ಸೂಜಿಯನ್ನೇ ಬೈದೆ. ಈಗಿನ ಸೂಜಿಗಳಿಗೆ ಕಣ್ಣೇ ಇರುವುದಿಲ್ಲ. ಇವರು ಏನೋ ಹೇಳಲು ಬಾಯಿ ತೆರೆದವರು ನನ್ನ ಮುಖ ನೋಡಿ ಮುಚ್ಚಿಕೊಂಡರು.

ಫೆಬ್ರವರಿ 18, ಮಂಗಳವಾರ

ಅಕ್ಕನ ಗ್ರಂಥಾಲಯ. ಏನು ಬರೆಯಲಿ ಎಂದು ತೋಚುತ್ತಿಲ್ಲ.

ಮೊದಲು ಒಳ್ಳೆಯದನ್ನು ಬರೆಯುತ್ತೇನೆ. ಓದುವ ಕೋಣೆಗೆ ಕಾಲಿಟ್ಟವಳು ಹೆಗಲ ಚೀಲ ಇಳಿಸುವುದನ್ನೇ ಮರೆತೆ. ಎರಡು ಅಂತಸ್ತಿನ ಎತ್ತರ, ಉತ್ತರಕ್ಕೆ ಉದ್ದನೆಯ ಕಿಟಕಿಗಳು, ದಕ್ಷಿಣಕ್ಕೆ ಒಂದೇ ಒಂದು ದೊಡ್ಡ ಗೋಡೆ. ಅದಕ್ಕೆ ಕಪಾಟಿಲ್ಲ, ಚಿತ್ರವಿಲ್ಲ, ಏನೂ ಇಲ್ಲ. ಬೆಂಕಿಯಲ್ಲಿ ಉಳಿದಿದ್ದ ಹಳೆಯ ಇಟ್ಟಿಗೆಗೆ ಹೊಸ ಸುಣ್ಣದ ಗಾರೆ. ಓದಿ ದಣಿದವರು ತಲೆಯೆತ್ತಿದರೆ ಕಣ್ಣಿಗೆ ಸಿಗಲಿ ಎಂದು ಅಷ್ಟು ಜಾಗ ಖಾಲಿ ಬಿಟ್ಟಿದ್ದೀನಿ ಎಂದಳು ಅಕ್ಕ. ಗ್ರಂಥಾಲಯದ ಮಂಡಳಿಯವರು ಅಲ್ಲಿ ಕಪಾಟು ಹಾಕಿಸಿ ಎಂದು ಒಂದು ವರ್ಷ ಜಗಳವಾಡಿದ್ದರಂತೆ. ಅಕ್ಕ ಬಿಟ್ಟುಕೊಟ್ಟಿಲ್ಲ. ನನಗೆ ಅಕ್ಕನ ಮೇಲೆ ಪ್ರೀತಿ ಉಕ್ಕಿ ಬಂತು, ಹೊಟ್ಟೆಕಿಚ್ಚೂ ಬಂತು.

ಆಮೇಲೆ ಕ್ಯಾಮೆರಾ ಇಟ್ಟೆ. ಇವತ್ತು ಬೇರೆ ಲೆನ್ಸ್ ತಂದಿದ್ದೆ, ಹೊಚ್ಚ ಹೊಸದು. ಗೋಡೆ ನಡುವಿನಲ್ಲಿ ಉಬ್ಬಿದೆ. ಬಸುರಿಯ ಹೊಟ್ಟೆಯ ಹಾಗೆ ಮುಂದಕ್ಕೆ ಬಂದಿದೆ. ಕಣ್ಣುಜ್ಜಿಕೊಂಡು ನೋಡಿದೆ. ಕ್ಯಾಮೆರಾ ಬಿಟ್ಟು ಒಂದು ಕಣ್ಣು ಮುಚ್ಚಿ ಗೋಡೆಯ ಅಂಚು ಹಿಡಿದು ನೋಡಿದೆ. ಬರಿಗಣ್ಣಿಗೂ ಕಂಡಿತು! ಹಾಗಾದರೆ ಲೆನ್ಸಿನದಲ್ಲ, ಗೋಡೆಯದೇ.

ಅಕ್ಕ ಮೊದಲ ಮನೆ ಕಟ್ಟಿಸಿದಾಗಿನಿಂದ ನನ್ನನ್ನು ಕರೆದುಕೊಂಡು ಹೋಗಿ ನಿಲ್ಲಿಸಿ ನೋಡಿಸುತ್ತಾಳೆ. ಮೇಸ್ತ್ರಿಗಳು ಮಟ್ಟ ನೋಡಲು ಇಟ್ಟುಕೊಳ್ಳುತ್ತಾರಲ್ಲ, ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ರಸಮಟ್ಟ, ಅದೇ ನನ್ನ ಹೆಸರು ಅವಳ ಬಾಯಲ್ಲಿ. ಇವತ್ತೂ ಕೇಳಿದಳು, "ಏನೇ ರಸಮಟ್ಟ, ಹೇಗಿದೆ?" ಚೆನ್ನಾಗಿದೆ ಅಕ್ಕ ಎಂದೆ. ಬೆಳಕು ಸಾಲದು, ಇನ್ನೊಂದು ದಿನ ಬರುತ್ತೇನೆ ಎಂದು ಚಿತ್ರ ತೆಗೆಯದೆ ಬಂದುಬಿಟ್ಟೆ.

ಫೆಬ್ರವರಿ 19, ಬುಧವಾರ

ಬಾಯಲ್ಲಿ ಬಿಸಿತುಪ್ಪ. ಉಗುಳುವುದೋ ನುಂಗುವುದೋ.

ಹೇಳದೆ ಬಿಟ್ಟರೆ? ಆ ಗೋಡೆಯ ಕೆಳಗೇ ಜನ ಕುಳಿತು ಓದುತ್ತಾರೆ, ಮಕ್ಕಳು ಬರುತ್ತಾರೆ. ಬೆಂಕಿ ತಿಂದ ಇಟ್ಟಿಗೆ. ಒಳಗೆ ಎಲ್ಲಿ ಸಡಿಲವಾಗಿದೆಯೋ ಯಾರಿಗೆ ಗೊತ್ತು. ಹೇಳಿದರೆ? ಬಾಗಿಲು ತೆರೆಯಲು ತಿಂಗಳೂ ಇಲ್ಲ. ಮಂಡಳಿಯವರು ಮೊದಲೇ ಅವಳ ಮೇಲೆ ಹಲ್ಲು ಕಡಿಯುತ್ತಿದ್ದಾರೆ. ಆರು ವರ್ಷದ ಹೆಸರು ಒಂದು ಮಾತಿಗೆ ಮಣ್ಣಾಗುತ್ತದೆ, ಅದೂ ತಂಗಿಯ ಬಾಯಿಂದ.

ಇವರನ್ನು ಕೇಳಿದೆ. ಗೋಡೆ ವಿಷಯಕ್ಕೆ ಹೋಗೋಕೆ ಮುಂಚೆ ಕಣ್ಣಿನ ಡಾಕ್ಟರ ಹತ್ತಿರ ಹೋಗು ಎಂದರು. ಇವರಿಗೆ ಎಲ್ಲದಕ್ಕೂ ಒಂದೇ ಔಷಧಿ. ನನಗೆ ರಸ್ತೆಯ ಬೋರ್ಡೆಲ್ಲ ಕಾಣುತ್ತದೆ, ಎದುರುಮನೆಯ ಬೆಕ್ಕು ಕಾಣುತ್ತದೆ, ಇವರ ತಲೆಯಲ್ಲಿ ಉಳಿದಿರುವ ಕೂದಲೂ ಕಾಣುತ್ತದೆ. ಗೋಡೆಯೊಂದೇ ತಪ್ಪು ಕಾಣುತ್ತದೆಯೇ?

ಫೆಬ್ರವರಿ 20, ಗುರುವಾರ

ಹೇಳಿದೆ.

ಅಕ್ಕ ನಗಲಿಲ್ಲ, ಬೈಯಲಿಲ್ಲ. ಎಲ್ಲಿ ಎಂದು ಮಾತ್ರ ಕೇಳಿದಳು. ತೋರಿಸಿದೆ. ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟು ಸವರಿ ನೋಡಿದಳು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ನಾಳೆ ಯಂತ್ರ ತರಿಸಿ ಅಳೆಸ್ತೀನಿ, ನೀನು ಊಟ ಮಾಡಿದ್ಯಾ ಎಂದಳು. ಇಲ್ಲ ಎಂದೆ. ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ಬ್ರೆಡ್ಡು ತಿಂದೆವು.

ಫೆಬ್ರವರಿ 21, ಶುಕ್ರವಾರ

ಬೆಳಕಿನ ಗೆರೆ ಬಿಟ್ಟು ಅಳೆಯುವ ಯಂತ್ರ ತಂದಿದ್ದರು. ಅಕ್ಕನೇ ನಿಂತು ಅಳೆದಳು. ಒಮ್ಮೆ ಅಳೆದು, ಯಂತ್ರದ ಜಾಗ ಬದಲಿಸಿ ಮತ್ತೆ ಅಳೆದಳು, ಆಮೇಲೆ ಇನ್ನೊಂದು ಸಲ. ಆಮೇಲೆ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಏನು ಬಂತು ಎಂದೆ. ಗೋಡೆ ಸರಿ ಇದೆ ಅಂತಿದೆ ಯಂತ್ರ ಎಂದಳು.

ನನಗೆ ಸಿಟ್ಟು ಬಂತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನು? ಅಲ್ಲೇ ಎದುರಿಗೇ ಉಬ್ಬಿಕೊಂಡಿದೆ. ನಿನ್ನ ಯಂತ್ರ ನಿನಗೆ ಬೇಕಾದ್ದು ಹೇಳುತ್ತದೆ ಎಂದುಬಿಟ್ಟೆ. ಹಾಗೆ ಹೇಳಬಾರದಿತ್ತು. ಅಕ್ಕ ಅದಕ್ಕೂ ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಚಿಕ್ಕಂದಿನಿಂದ ಅಕ್ಕ ಬೈಯದೆ ಬಿಟ್ಟದ್ದನ್ನು ಕಂಡರೆ ನನಗೆ ಹೆದರಿಕೆ.

ಫೆಬ್ರವರಿ 24, ಸೋಮವಾರ

ಅಕ್ಕ ಗೋಡೆ ಒಡೆಸುತ್ತಿದ್ದಾಳೆ.

ಬೆಳಗ್ಗೆ ಫೋನು ಮಾಡಿ ಹೇಳಿದಳು, ಗಾರೆ ಕಿತ್ತು ಒಳಗೆ ನೋಡಿಬಿಡೋಣ, ಅನುಮಾನ ಇಟ್ಕೊಂಡು ಬಾಗಿಲು ತೆರೆಯೋದು ಬೇಡ ಎಂದು. ಹೋಗಿ ನೋಡಿದೆ. ಅಟ್ಟಣಿಗೆ ಕಟ್ಟಿ ಇಬ್ಬರು ಗಾರೆ ಕೆರೆಯುತ್ತಿದ್ದರು. ತಿಂಗಳುಗಟ್ಟಲೆ ಒಣಗಿಸಿದ ಗಾರೆ ನೆಲದ ಮೇಲೆ ಹಪ್ಪಳದ ಚೂರಿನ ಹಾಗೆ ಬೀಳುತ್ತಿತ್ತು. ಬಾಗಿಲು ತೆರೆಯುವುದು ಮುಂದಕ್ಕೆ ಹೋಯಿತು. ಮಂಡಳಿಯ ಅಧ್ಯಕ್ಷರು ಬಂದು ಅಕ್ಕನನ್ನು ಮೂಲೆಗೆ ಕರೆದು ಮಾತಾಡಿದರು. ಅವರ ಕೈ ಮಾತ್ರ ಕಾಣುತ್ತಿತ್ತು, ಮೇಲೆ ಕೆಳಗೆ ಆಡುತ್ತಿತ್ತು. ಅಕ್ಕ ನನ್ನ ಹೆಸರು ಹೇಳಿಲ್ಲ. ತನಗೇ ಅನುಮಾನ ಬಂತು ಎಂದು ಹೇಳಿದ್ದಾಳೆ.

ಉಬ್ಬು ಸಿಕ್ಕರೆ ಸಾಕು. ಅಕ್ಕನ ಗೋಡೆ ಕೆಟ್ಟಿರಲಿ ಎಂದು ಹಾರೈಸುವ ತಂಗಿ ನಾನೊಬ್ಬಳೇ ಇರಬೇಕು. ಆದರೆ ಸಿಗದಿದ್ದರೆ ಅಕ್ಕನ ಮುಖ ಹೇಗೆ ನೋಡಲಿ?

ಫೆಬ್ರವರಿ 27, ಗುರುವಾರ

ಏನೂ ಇಲ್ಲ. ಇಟ್ಟಿಗೆ ಗಟ್ಟಿ, ಒಣಗಿದೆ, ಸಾಲು ಬಿಟ್ಟಿಲ್ಲ. ಅಕ್ಕ ಇನ್ನಷ್ಟು ಕೆಳಗೆ ಕೆರೆಯಿರಿ ಎಂದಳಂತೆ. ಅಲ್ಲೂ ಇಲ್ಲ.

ನನಗೆ ಮಾತ್ರ ಬರಿಯ ಇಟ್ಟಿಗೆಯ ಸಾಲೂ ಅಲೆಯಲೆಯಾಗಿಯೇ ಕಾಣುತ್ತದೆ. ಜೊತೆಗೆ ಇವತ್ತಿನಿಂದ ಇನ್ನೊಂದು. ಕಿಂಡಿಯ ನಡುವೆ ಬೂದು ಬಣ್ಣದ ಒಂದು ಮಚ್ಚೆ ಕೂತಿದೆ. ಒರೆಸಿದೆ, ಊದಿದೆ, ಮತ್ತೆ ಒರೆಸಿದೆ. ಹೋಗುತ್ತಿಲ್ಲ. ಹೊಸ ಲೆನ್ಸಿಗೂ ಇದೇ ಗತಿ. ತಲೆಬುಡ ಒಂದೂ ಅರ್ಥವಾಗುತ್ತಿಲ್ಲ.

ಮಾರ್ಚ್ 1, ಶನಿವಾರ

ಸಂಪಾದಕರ ಫೋನು. ಒಳ್ಳೆಯ ಮನುಷ್ಯ, ಆದರೆ ಯಾವುದನ್ನೂ ನೇರವಾಗಿ ಹೇಳುವವರಲ್ಲ, ಎಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಚಿತ್ರಗಳು ಬಹಳ ಹೊಸ ರೀತಿಯಲ್ಲಿವೆ ಎಂದರು. ಏನಾದರೂ ಪ್ರಯೋಗ ಮಾಡ್ತಿದ್ದೀರಾ ಎಂದರು. ನೀರೊಳಗೆ ನೋಡಿದ ಹಾಗೆ ಇದೆ ಅಂತ ನಮ್ಮ ಆಫೀಸಿನಲ್ಲಿ ಒಬ್ಬರು ಅಂದರು, ನಾನಲ್ಲ ಎಂದರು. ಪುಸ್ತಕಕ್ಕೆ ಮಾತ್ರ ಹಳೆಯ ರೀತಿಯೇ ಸಾಕಿತ್ತು, ತಿದ್ದದೆ ಇರುವ ಚಿತ್ರಗಳಿದ್ದರೆ ಅವನ್ನೇ ಕಳಿಸಬಹುದಾ ಎಂದು ಕೊನೆಗೂ ಬಾಯಿ ಬಿಟ್ಟರು.

ನಿಮ್ಮ ಕಂಪ್ಯೂಟರಿನ ಪರದೆ ಕೆಟ್ಟಿರಬೇಕು ಎಂದು ಹೇಳಿ ಫೋನಿಟ್ಟೆ.

ಇಟ್ಟ ಮೇಲೆ ಎಣಿಸಿದೆ. ಲೆನ್ಸ್ ಕೆಟ್ಟಿದೆ, ಹೊಸ ಲೆನ್ಸೂ ಕೆಟ್ಟಿದೆ, ರಿಪೇರಿಯವನ ಕಣ್ಣು ಕೆಟ್ಟಿದೆ, ಅಕ್ಕನ ಯಂತ್ರ, ಸಂಪಾದಕರ ಪರದೆ, ಪೇಪರಿನ ಶಾಯಿ, ಸೂಜಿ. ಇಡೀ ಊರು ಕೆಟ್ಟುಹೋಗಿ ನಾನೊಬ್ಬಳು ಸರಿ ಇದ್ದೇನೆ. ಹೋಗಿ ಮಲಗಿದೆ.

ಮಾರ್ಚ್ 4, ಮಂಗಳವಾರ

ಗ್ರಂಥಾಲಯಕ್ಕೆ ಹೋಗಿದ್ದೆ. ಅಕ್ಕ ಇರಲಿಲ್ಲ, ಮಂಡಳಿಯವರು ಕರೆಸಿದ್ದರಂತೆ. ಗಾರೆಯವರು ಊಟಕ್ಕೆ ಹೋಗಿದ್ದರು. ಮತ್ತೆ ಗಾರೆ ಹಾಕಲು ಅಟ್ಟಣಿಗೆಯ ಮೇಲಿನಿಂದ ದಾರ ಇಳಿಬಿಟ್ಟು ತುದಿಗೆ ಕಬ್ಬಿಣದ ಗುಂಡು ಕಟ್ಟಿದ್ದರು. ಕಿಟಕಿ ಬಾಗಿಲು ಎಲ್ಲ ಮುಚ್ಚಿತ್ತು. ದಾರ ಅಲ್ಲಾಡದೆ ನಿಂತಿತ್ತು.

ಈಗ ಸಿಕ್ಕಿತು ಬುದ್ಧಿ ಎಂದುಕೊಂಡೆ. ದಾರಕ್ಕೆ ಗೋಡೆಯನ್ನು ಹೋಲಿಸಿ ನೋಡಿದರೆ ಉಬ್ಬು ಎಷ್ಟೆಂದು ತಾನೇ ಗೊತ್ತಾಗುತ್ತದೆ. ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ನೋಡಿದೆ.

ದಾರ ಡೊಂಕಾಗಿತ್ತು.

ಗಾಳಿ ಇರಬೇಕು ಎಂದುಕೊಂಡೆ. ಹತ್ತಿರ ಹೋಗಿ ಗುಂಡನ್ನು ಕೈಯಲ್ಲಿ ಹಿಡಿದು ಅಲ್ಲಾಡದಂತೆ ನಿಲ್ಲಿಸಿದೆ. ಡೊಂಕೇ. ನಡುವಿನಲ್ಲಿ ಬಳುಕಿ, ಬೂದು ಮಚ್ಚೆಯೊಳಗೆ ಹೋಗಿ ಮಾಯವಾಗಿ, ಕೆಳಗೆ ಮತ್ತೆ ಹೊರಬರುತ್ತಿತ್ತು. ಭಾರ ಕಟ್ಟಿ ಇಳಿಬಿಟ್ಟ ದಾರ ಡೊಂಕಾಗುವುದಿಲ್ಲ. ಇದು ನನಗೂ ಗೊತ್ತು, ಶಾಲೆಯ ಮಕ್ಕಳಿಗೂ ಗೊತ್ತು. ಬಲಗಣ್ಣು ಮುಚ್ಚಿ ಎಡಗಣ್ಣು ತೆರೆದೆ. ದಾರ ನೆಟ್ಟಗೆ ನಿಂತಿತು. ಅದರ ಹಿಂದೆ ಗೋಡೆಯೂ ನೆಟ್ಟಗೆ ನಿಂತಿತು.

ಎಷ್ಟು ಸಲ ಹಾಗೆ ಮಾಡಿದೆನೋ. ಬಲ, ಎಡ, ಬಲ, ಎಡ. ಗಾರೆಯವರು ಬಂದ ಸದ್ದಾಯಿತು. ಕಣ್ಣಿಗೆ ಧೂಳು ಬಿತ್ತು ಎಂದು ಹೇಳಿ ಹೊರಟುಬಂದೆ.

ಮಾರ್ಚ್ 5, ಬುಧವಾರ

ಇವರೇ ಕರೆದುಕೊಂಡು ಹೋದರು. ನಾನು ಹೇಳಿದ್ದೆ ಎಂದು ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು.

ಡಾಕ್ಟರು ನನಗಿಂತ ಚಿಕ್ಕವಳು, ಮಾತು ಕಡಿಮೆ. ಚೌಕಗಳ ಗೆರೆ ಇರುವ ಒಂದು ರಟ್ಟು ಕೊಟ್ಟು ನಡುವಿನ ಚುಕ್ಕೆ ನೋಡಿ ಎಂದಳು. ಬಲಗಣ್ಣಿಗೆ ಚುಕ್ಕೆಯೇ ಇರಲಿಲ್ಲ. ಕಣ್ಣಿನ ಹಿಂದಿನ ಪರದೆಯ ನಟ್ಟನಡುವೆ ಬೇಡದ ರಕ್ತನಾಳ ಹುಟ್ಟಿ ಸೋರುತ್ತಿದೆಯಂತೆ. ನೀರು ಸೋರಿ ಪರದೆ ಉಬ್ಬಿದ್ದರಿಂದ ಗೆರೆಗಳು ಡೊಂಕು ಕಂಡವು. ಉಬ್ಬಿದ್ದು ಗೋಡೆಯಲ್ಲ, ನನ್ನ ಕಣ್ಣಿನೊಳಗಿನ ಪರದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಹಾಗೆ ಅಕ್ಕನ ಗೋಡೆಗೆ ಬರೆ ಹಾಕಿಸಿದೆ ನಾನು.

ಸರಿಹೋಗುತ್ತದೆಯೇ ಎಂದು ಕೇಳಿದೆ. ನೀರಷ್ಟೇ ಇದ್ದಿದ್ದರೆ ಇಂಜೆಕ್ಷನ್ನಿಗೆ ಬಹುಪಾಲು ಇಳಿಯುತ್ತಿತ್ತು ಎಂದಳು. ಆದರೆ ಈಚೆಗೆ ರಕ್ತವೂ ಸೋರಿದೆ, ಆ ಮಚ್ಚೆ ಅದೇ. ಅದರ ಗುರುತು ಉಳಿದುಬಿಡುತ್ತದೆ. ಈ ಕಣ್ಣಿನಲ್ಲಿ ಇನ್ನು ಗೆರೆ ನೋಡುವ ಆಸೆ ಬಿಡಿ, ಎಡಗಣ್ಣನ್ನು ಕಾಪಾಡಿಕೊಳ್ಳೋಣ.

"ಎರಡು ವಾರ ಮುಂಚೆ ಬಂದಿದ್ರೆ ಇಷ್ಟು ಆಗ್ತಿರ್ಲಿಲ್ಲ. ಯಾರೂ ನಿಮಗೆ ಹೇಳ್ಲಿಲ್ವಾ?"

ಇವರು ನೆಲ ನೋಡಿದರು. ಹೇಳಿದ್ರು, ನಾನೇ ಕೇಳಲಿಲ್ಲ ಎಂದೆ.

ಮಾರ್ಚ್ 6, ಗುರುವಾರ

ಕಣ್ಣಿಗೆ ಸೂಜಿ ಚುಚ್ಚಿಸಿಕೊಳ್ಳುವುದು ನೆನೆದಷ್ಟು ಕಷ್ಟವಲ್ಲ. ಹೆದರಿಕೆಯೇ ಹೆಚ್ಚು. ಇವರ ಕೈಯನ್ನು ಹಿಂಡಿಬಿಟ್ಟೆನಂತೆ. ಸಂಜೆ ಬೆರಳು ತೋರಿಸಿ, ನನಗೂ ಒಬ್ಬ ಡಾಕ್ಟರನ್ನು ನೋಡು ಎಂದರು. ನಕ್ಕೆ, ಆಮೇಲೆ ಅತ್ತೆ. ಬಲಗಣ್ಣು ನನ್ನ ಅನ್ನದ ಕಣ್ಣು. ಐವತ್ತೆಂಟಕ್ಕೆ ಎಡಗೈಯಲ್ಲಿ ಬರೆಯಲು ಕಲಿ ಎಂದ ಹಾಗಾಗಿದೆ.

ಸಂಪಾದಕರಿಗೆ ತಿದ್ದದ ಚಿತ್ರಗಳನ್ನು ಕಳಿಸಿದೆ, ಕ್ಷಮೆ ಕೇಳಿದೆ. ಅವರು ನೇರವಾಗಿ, ತುಂಬಾ ಚೆನ್ನಾಗಿವೆ ಎಂದರು. ಅಕ್ಕನಿಗೆ ಇನ್ನೂ ಹೇಳಿಲ್ಲ. ಯಾವ ಬಾಯಲ್ಲಿ ಹೇಳಲಿ. ಅವಳ ಆರು ವರ್ಷದ ಕೆಲಸ, ಮಂಡಳಿಯವರ ಮುಂದೆ ತಗ್ಗಿಸಿದ ತಲೆ, ಎಲ್ಲ ನನ್ನ ಮಾತು ನಂಬಿದ್ದಕ್ಕೆ.

ಮಾರ್ಚ್ 7, ಶುಕ್ರವಾರ

ಹೇಳಿಬಂದೆ. ಇದ್ದದ್ದು ಇದ್ದ ಹಾಗೆ ಬರೆದಿಡುತ್ತೇನೆ.

ಅಕ್ಕ ಓದುವ ಕೋಣೆಯಲ್ಲಿ ಒಬ್ಬಳೇ ಇದ್ದಳು, ಮರಳು ಜರಡಿಯ ಪಕ್ಕ ಮಗುಚಿದ ಬಕೆಟ್ಟಿನ ಮೇಲೆ ಕುಳಿತಿದ್ದಳು. ಗೋಡೆಯ ಅರ್ಧಕ್ಕೆ ಹೊಸ ಗಾರೆ ಹಾಕಿದ್ದರು, ಇನ್ನೂ ಹಸಿ. ನಾನು ಎದುರಿಗೆ ನಿಂತೆ.

"ಅಕ್ಕಾ, ಗೋಡೆ ನೆಟ್ಟಗೇ ಇತ್ತು. ಕೆಟ್ಟಿರೋದು ನನ್ನ ಕಣ್ಣು."

ಅಕ್ಕ ಬೆಚ್ಚಲಿಲ್ಲ. ಕೈಯಲ್ಲಿದ್ದ ಗಾರೆಯ ಚೂರನ್ನು ಕೆಳಗಿಟ್ಟಳು.

"ಗೊತ್ತು."

ಯಾವಾಗಿಂದ ಎಂದು ಕೇಳಿದೆ. ಯಂತ್ರ ತರಿಸಿ ಅಳೆದ ದಿನದಿಂದ ಎಂದಳು. ಮೂರು ಸಲ ಅಳೆದರೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲವಂತೆ. ಗೊತ್ತಿದ್ದೂ ಗೊತ್ತಿದ್ದೂ ಇಷ್ಟು ದೊಡ್ಡ ಗೋಡೆ, ಆ ಅಧ್ಯಕ್ಷರ ಬೈಗುಳ.

"ಮತ್ಯಾಕೆ ಒಡೆಸಿದೆ ಅಕ್ಕ?"

ಸೆರಗಿನಲ್ಲಿ ಕೈ ಒರೆಸಿಕೊಂಡಳು, ಒರೆಸಿಕೊಂಡ ಕೈಯನ್ನೇ ಮತ್ತೆ ಒರೆಸಿಕೊಂಡಳು.

"ಗೋಡೆ ಸರಿ ಇದೆ ಅಂತಾದ್ರೆ ನಿನಗೇನೋ ಆಗಿದೆ ಅಂತಾಗುತ್ತಲ್ಲೇ. ಒಂದಿಷ್ಟು ಕೆರೆದು ನೋಡೋಣ, ಗೋಡೆಯದೇ ತಪ್ಪಿರ್ಲಿ ಅಂದ್ಕೊಂಡೆ. ಗೋಡೆ ಆದ್ರೆ ಮತ್ತೆ ಕಟ್ಟಿಸಬೋದು. ದಿನಾ ಇನ್ನೂ ಸ್ವಲ್ಪ ಕೆರೀರಿ, ಇನ್ನೂ ಸ್ವಲ್ಪ ಕೆರೀರಿ ಅಂದೆ. ಸಿಗ್ಲೇ ಇಲ್ಲ."

ನಾನು ಅವಳ ಪಕ್ಕ ನೆಲದ ಮೇಲೆ ಕುಳಿತೆ. ಅರವತ್ತಮೂರು ವರ್ಷದ ಹೆಂಗಸು, ಮಂಡಳಿಯವರಿಗೆ ಒಂದು ಮಾತು ಬಿಟ್ಟುಕೊಡದವಳು, ಅವಳ ಗಲ್ಲ ನಡುಗುತ್ತಿತ್ತು. ನಾನು ಅವಳ ಮೊಣಕಾಲು ಹಿಡಿದುಕೊಂಡೆ. ಆಮೇಲೆ ಅಕ್ಕ, ನನ್ನ ಕಡೆ ನೋಡದೆ, ಮೆಲ್ಲಗೆ ಕೇಳಿದಳು.

"ಡಾಕ್ಟ್ರು ಏನಂದ್ರು? ಅವತ್ತೇ ನಾನು ಹೇಳಿದ್ದಿದ್ರೆ ಏನಾದ್ರೂ ಆಗ್ತಿತ್ತಾ? ತಡ ಆಯ್ತಾ?"

"ಇಲ್ಲ ಅಕ್ಕ. ಸರಿಯಾದ ಹೊತ್ತಿಗೇ ಬಂದಿದ್ದೀರಿ ಅಂದ್ರು."

"ನಿಜವಾಗ್ಲೂ?"

"ನಿಜವಾಗ್ಲೂ. ಒಂದು ದಿನವೂ ತಡ ಆಗಿಲ್ವಂತೆ."

ಅಕ್ಕ ಆಗ ನನ್ನ ಮುಖ ನೋಡಿದಳು. ನಾನೂ ನೋಡಿದೆ. ಬಲಗಣ್ಣಿನ ಮಚ್ಚೆಯಲ್ಲಿ ಅವಳ ಮೂಗು ಬಾಯಿ ಅರ್ಧ ಮುಳುಗಿತ್ತು, ಆದರೂ ಕಣ್ಣು ತಗ್ಗಿಸಲಿಲ್ಲ. ಅವಳು ದೀರ್ಘವಾಗಿ ಉಸಿರು ಬಿಟ್ಟು ನನ್ನ ತಲೆ ನೇವರಿಸಿದಳು. ನಂಬಿದಳು. ನಾನು ನೋಡಿ ಹೇಳಿದ್ದನ್ನು ಅವಳು ಯಾವತ್ತು ನಂಬಿಲ್ಲ?

ಮನೆಗೆ ಬಂದ ಕೂಡಲೇ ಇವರನ್ನು ಕೂರಿಸಿಕೊಂಡು, ಅಕ್ಕ ಕೇಳಿದರೆ ನೀವೂ ಹೀಗೇ ಹೇಳಬೇಕು ಎಂದು ಹೇಳಿಕೊಟ್ಟಿದ್ದೇನೆ. ಎರಡು ಸಲ ಹೇಳಿಸಿ ನೋಡಿದೆ. ಸರಿಯಾಗಿ ಹೇಳಿದರು.